ಯಂತ್ರ ಹೋದ ಮೇಲೆ ಉಳಿದ ಹೊತ್ತಿಗೆಗಳು

ಯಾವ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದರೂ ಇಂದು ನಮ್ಮ ಕಿವಿಗೆ ಬೀಳುವ ಒಂದು ಮಾತು 'ಕಡತ'. ಫೈಲು ಎಂಬ ಇಂಗ್ಲಿಷ್ ಮಾತಿಗೆ ಬದಲಾಗಿ ನಾವು ಒಪ್ಪಿಕೊಂಡ ಕನ್ನಡ ಅದು. ಇನ್ನೂರು ವರ್ಷಗಳ ಹಿಂದೆ ಕಡತವೆಂದರೆ ಕಾಗದದ ಕಟ್ಟಾಗಿರಲಿಲ್ಲ, ಬಟ್ಟೆಯ ಪುಸ್ತಕವಾಗಿತ್ತು. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿ ಕಲಸಿ, ಅದನ್ನು ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ತೀರಿದ ಮೇಲೆ ಒರೆಸಿ ಮತ್ತೆ ಬರೆಯುವುದಕ್ಕೂ ಬರುತ್ತಿತ್ತು. ಆ ವಸ್ತು ಇಂದು ಮಠಗಳ ಪೆಟ್ಟಿಗೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಕಾಣಸಿಗುತ್ತದೆ. ಹೆಸರು ಮಾತ್ರ ಕಚೇರಿಯ ಮೇಜಿನ ಮೇಲೆ ಉಳಿದುಕೊಂಡಿದೆ.

'ಗಣಕ' ಎಂಬ ಮಾತಿನ ಕಥೆಯೂ ಹೀಗೆಯೇ. ಇಂದು ಅದು ಯಂತ್ರದ ಹೆಸರು. ಹಿಂದೆ ಅದು ಲೆಕ್ಕ ಹಾಕುವ ಮನುಷ್ಯನ ಹೆಸರಾಗಿತ್ತು. ಇಂಗ್ಲಿಷಿನಲ್ಲಿಯೂ ಕಂಪ್ಯೂಟರ್ ಎಂದರೆ ಮೊದಲು ಮನುಷ್ಯನೇ. ಯಂತ್ರ ಆಮೇಲೆ ಬಂದು ಅವನ ಹೆಸರನ್ನು ತನ್ನದಾಗಿಸಿಕೊಂಡಿತು. ಹೆಸರುಗಳು ಹೀಗೆ ತಾವಾಗಿಯೇ ಹೊಸ ಮನೆ ಕಂಡುಕೊಳ್ಳುತ್ತವೆ. ಪುಸ್ತಕಗಳಿಗೆ ಆ ಶಕ್ತಿಯಿಲ್ಲ. ಅವುಗಳಿಗೆ ಯಾರಾದರೂ ಮನೆ ಹುಡುಕಿಕೊಡಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು, ಹಳೆಯ ಲೆಕ್ಕದ ಹೊತ್ತಿಗೆಗಳೂ ಹಳೆಯ ಗಣಕಯಂತ್ರಗಳ ಕೈಪಿಡಿಗಳೂ ಮನೆ ಕಳೆದುಕೊಂಡ, ಮನೆ ಕಂಡುಕೊಂಡ ಬಗೆಯನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಒಂದು ಟೈಪಿಂಗ್ ಶಾಲೆಯಿಂದ. ನಮ್ಮ ಊರುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಇಂಥ ಶಾಲೆಗಳಿದ್ದುದನ್ನು ಕೇಳುಗರು ಬಲ್ಲರು. ಟೈಪ್‌ರೈಟರಿನ ಸದ್ದು ಅಡಗಿದ ಮೇಲೆ ಅವುಗಳಲ್ಲಿ ಕೆಲವು ಕಂಪ್ಯೂಟರ್ ಶಾಲೆಗಳಾದವು. ಅಂಥ ಒಂದರ ಯಜಮಾನರು ಶಾಲೆ ಮುಚ್ಚುವಾಗ ಮೂರು ಗೋಣಿಚೀಲ ಪುಸ್ತಕಗಳನ್ನು ನನ್ನ ಮುಂದೆ ಇಟ್ಟರು. "ಮೇಷ್ಟ್ರೇ, ತೂಕಕ್ಕೆ ಹಾಕಾಕ ಮನಸ್ಸಿಲ್ಲ, ಇಟ್ಕಳಾಕ ಜಾಗ ಇಲ್ಲ" ಎಂದರು. ಬಿಚ್ಚಿ ನೋಡಿದೆ. ಎಂಎಸ್-ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ಹೆಸರುಗಳ ದಪ್ಪ ದಪ್ಪ ಕೈಪಿಡಿಗಳು. ನಡುವೆ ಕೈಯಿಂದ ಬರೆದು ನೆರಳಚ್ಚು ತೆಗೆದ ಕನ್ನಡದ ಪಾಠಗಳು, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರುತ್ತದೆಂದು ತೋರಿಸುವ ಹಾಳೆಗಳು. ಇವುಗಳಿಗೆ ಎಲ್ಲಿ ಜಾಗ ಹುಡುಕಬೇಕು? ಒಂದು ಗ್ರಂಥಾಲಯದಲ್ಲಿ 'ಇವು ಹಳತಾದವು' ಎಂದರು. ಒಂದು ಸಂಗ್ರಹಾಲಯದಲ್ಲಿ 'ಇವು ಇನ್ನೂ ಅಷ್ಟು ಹಳತಲ್ಲ' ಎಂದರು. ಎರಡು ಮಾತೂ ನಿಜವೇ. ಉಪಯೋಗದ ಕಾಲ ಮುಗಿದು ಗೌರವದ ಕಾಲ ಬರುವುದಕ್ಕೆ ಮುಂಚಿನ ಅವಧಿಯೊಂದಿದೆ. ಪುಸ್ತಕಗಳು ಹೆಚ್ಚಾಗಿ ಹಾಳಾಗುವುದು ಆ ಅವಧಿಯಲ್ಲಿಯೇ.

ಇದು ಗಣಕಯಂತ್ರದೊಂದಿಗೆ ಹುಟ್ಟಿದ ಕಷ್ಟವಲ್ಲ. ನಮ್ಮ ನಾಡಿನಲ್ಲಿ ಗಣಿತಗ್ರಂಥಗಳಿಗೆ ಕೊರತೆಯಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಸಾವಿರ ವರ್ಷಗಳ ಮೇಲೆ, 1912ರಲ್ಲಿ, ಎಂ. ರಂಗಾಚಾರ್ಯರು ಮದರಾಸಿನಲ್ಲಿ ಗಣಿತಸಾರಸಂಗ್ರಹವನ್ನು ಅಚ್ಚುಹಾಕಿಸಿದರು. ನಡುವಣ ಸಾವಿರ ವರ್ಷ ಅದು ಉಳಿದದ್ದು ಹೇಗೆ? ಗ್ರಂಥವನ್ನು ಪ್ರತಿಮಾಡಿಸಿ ಹಂಚುವುದು ಜೈನರಲ್ಲಿ ಪುಣ್ಯದ ಕೆಲಸವಾಗಿತ್ತು. ಅದಕ್ಕೆ ಶಾಸ್ತ್ರದಾನವೆಂದು ಹೆಸರು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯನ್ನು ನಾವು ಇಂದಿಗೂ ನೆನೆಯುತ್ತೇವೆ. ಒಂದು ಮನೆ ಬಿದ್ದರೆ ಇನ್ನೊಂದು ಮನೆಯಲ್ಲಿ ಪುಸ್ತಕ ಉಳಿಯಲಿ ಎಂಬ ವಿವೇಕ ಆ ದಾನದಲ್ಲಿತ್ತು.

ಈ ಭಾಗ್ಯ ಶಾಸ್ತ್ರಗ್ರಂಥಗಳಿಗೆ ದೊರೆಯಿತು, ಕಸುಬಿನ ಹೊತ್ತಿಗೆಗಳಿಗೆ ದೊರೆಯಲಿಲ್ಲ. ಹಳ್ಳಿಯ ಕರಣಿಕನು ಹೊಲ ಅಳೆಯಲು, ಕಂದಾಯ ಕಟ್ಟಲು, ಕೊಳಗ ಬಳ್ಳಗಳನ್ನು ರೂಪಾಯಿಗೆ ತಿರುಗಿಸಲು ಬರೆದಿಟ್ಟುಕೊಂಡ ಕಡತ ಪುಣ್ಯಗ್ರಂಥವಲ್ಲ, ಕಾವ್ಯವೂ ಅಲ್ಲ. ಅದರ ಪ್ರತಿಮಾಡಿಸಿದರೆ ಯಾವ ಪುಣ್ಯ? ಊರಿನ ಅನ್ನದ ಲೆಕ್ಕವೆಲ್ಲ ಅದರಲ್ಲಿದ್ದರೂ ಅದು ಒಂದೇ ಪ್ರತಿಯಾಗಿ ಉಳಿಯಿತು. ಆ ಮನೆ ಬಿದ್ದರೆ ಹೊತ್ತಿಗೆಯೂ ಮಣ್ಣಾಯಿತು.

1800ರಲ್ಲಿ ನಿಜಾಮನು ಬಳ್ಳಾರಿ ಕಡಪೆಗಳ ಪ್ರದೇಶವನ್ನು ಇಂಗ್ಲಿಷ್ ಕಂಪನಿಗೆ ಒಪ್ಪಿಸಿದನು. ದತ್ತಮಂಡಲವೆಂದು ಹೆಸರಾದ ಆ ಪ್ರಾಂತಕ್ಕೆ ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳೂ ಅದರೊಳಗೆ ಸೇರಿದ್ದವು. ಅವನು ಮಾಡಿಸಿದ ಭೂಮಾಪನಕ್ಕೆ ಊರೂರ ಕರಣಿಕರ ಹಳೆಯ ಲೆಕ್ಕಗಳು ಬೇಕಾದವು. ಇದೇ ಕಾಲದಲ್ಲಿ ದಕ್ಷಿಣದ ಸೀಮೆಗಳನ್ನು ಅಳೆಯುತ್ತಿದ್ದ ಇನ್ನೊಬ್ಬ ಅಧಿಕಾರಿ ಕಾಲಿನ್ ಮೆಕೆಂಜಿ. ಸ್ಕಾಟ್‌ಲೆಂಡಿನ ಒಂದು ದ್ವೀಪದಲ್ಲಿ 1754ರಲ್ಲಿ ಹುಟ್ಟಿದ ಈತನು 1815ರಲ್ಲಿ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದನು. ನೆಲವನ್ನು ಅಳೆಯುತ್ತ ಅಳೆಯುತ್ತ ಅವನು ಜನರ ನೆನಪನ್ನೂ ಸಂಗ್ರಹಿಸಿದನು. ಕಾವಲಿ ವೆಂಕಟ ಬೋರಯ್ಯನಂಥ ದೇಶೀಯ ಸಹಾಯಕರು ಊರೂರು ತಿರುಗಿ ಕರಣಿಕರಿಂದ, ಮಠಗಳಿಂದ, ಪಾಳೆಯಗಾರರ ಮನೆಗಳಿಂದ ಕೈಫಿಯತ್ತುಗಳನ್ನು ಬರೆಸಿದರು, ಓಲೆ ಕಡತಗಳನ್ನು ಕೂಡಿಸಿದರು.

1821ರಲ್ಲಿ ಮೆಕೆಂಜಿ ತೀರಿಕೊಂಡಾಗ ಆ ಸಂಗ್ರಹಕ್ಕೆ ಮನೆಯಿಲ್ಲದಾಯಿತು. ಕಂಪನಿ ಅದನ್ನು ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಅದರ ಪಟ್ಟಿಯನ್ನು ಅಚ್ಚುಮಾಡಿಸಿದನು. ಒಂದು ಪಾಲು ಇಂಗ್ಲೆಂಡಿಗೆ ಹೋಯಿತು. ದೇಶಭಾಷೆಗಳ ಪಾಲು ಕೊನೆಗೆ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಬಂದು ಸೇರಿತು. ಮುಂದೆ ಎಂ.ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿದರು. ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯ ಅವನ್ನು ಪ್ರಕಟಿಸಿತು. ಮದರಾಸಿನವರೆಗೆ ಹೋಗಿದ್ದ ಊರಿನ ಮಾತು ತುಂಗಭದ್ರೆಯ ದಡಕ್ಕೆ ಹೀಗೆ ಹಿಂದಿರುಗಿತು. ಮನೆ ದೂರದಲ್ಲಿದ್ದುದರಿಂದ ಅದು ಕೆಡಲಿಲ್ಲ. ಪಟ್ಟಿಯಿತ್ತು, ಬೇಕೆಂದವನು ಹೋಗಿ ಕೇಳಬಹುದಾಗಿತ್ತು. ಆದ್ದರಿಂದ ಅದು ಉಳಿಯಿತು.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. 1961ರ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯಿಂದ ವಂಶಪಾರಂಪರ್ಯದ ಕರಣಿಕಿಕೆ, ಶಾನುಭೋಗಿಕೆಗಳು ಕೊನೆಗೊಂಡು ಸಂಬಳದ ಗ್ರಾಮಲೆಕ್ಕಿಗರು ಬಂದರು. ಅದು ನ್ಯಾಯವಾದ ಕೆಲಸವೇ. ಊರಿನ ಲೆಕ್ಕ ಒಂದು ಮನೆತನದ ಸ್ವತ್ತಾಗಿರಬಾರದು. ಸರ್ಕಾರಿ ದಫ್ತರು ತಾಲ್ಲೂಕು ಕಚೇರಿಗೆ ಸೇರಿತು. ಆದರೆ ಆ ದಫ್ತರನ್ನು ಓದುವ ಬಗೆಯನ್ನು ತಿಳಿಸುವ ಮನೆಯ ಟಿಪ್ಪಣಿಗಳು, ಮೋಡಿ ಅಕ್ಷರದ ಸಂಕ್ಷೇಪಗಳು, ಅಳತೆಯ ಕೋಷ್ಟಕಗಳು ಅಟ್ಟದ ಮೇಲೆಯೇ ಉಳಿದವು. ಅಲ್ಲಿ ಗೆದ್ದಲು ತಿಂದುಳಿದದ್ದು ಎಷ್ಟೋ ಕಡೆ ನೀರೊಲೆಯ ಪಾಲಾಯಿತು. ಲೆಕ್ಕ ಉಳಿಯಿತು, ಲೆಕ್ಕವನ್ನು ಬಿಡಿಸುವ ಕೈಪಿಡಿ ಹೋಯಿತು. ಮುಂದೆ ಬರುವ ಯಂತ್ರದ ಕಥೆಯಲ್ಲಿಯೂ ಇದೇ ಮಾತು ತಿರುಗಿ ಬರುವುದರಿಂದ ಇದನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಭಾರತದಲ್ಲಿ ಗಣಕಯಂತ್ರದ ಮೊದಲ ದಿನಗಳ ಬಹುಪಾಲು ಐಬಿಎಂ ಎಂಬ ಅಮೆರಿಕದ ಸಂಸ್ಥೆಯ ಕಥೆ. ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ 1401 ಎಂಬ ಯಂತ್ರಗಳನ್ನು ಅದು ಇಲ್ಲಿ ಸರಿಪಡಿಸಿ ಬಾಡಿಗೆಗೆ ಕೊಡುತ್ತಿತ್ತು. 1964ರಲ್ಲಿ ಪ್ರಕಟವಾದ ಅದರ 360 ಎಂಬ ಯಂತ್ರಮಾಲೆಯ ಒಂದು ಮಾದರಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೂ ಬಂದಿತು. ಆ ಯಂತ್ರಗಳೊಂದಿಗೆ ಸಾಲು ಸಾಲು ಕೈಪಿಡಿಗಳು ಬರುತ್ತಿದ್ದವು. ಹಾಳೆಗಳನ್ನು ಹೊಲಿಯದೆ ಬಳೆಗಳಲ್ಲಿ ಪೋಣಿಸಿರುತ್ತಿದ್ದರು. ಯಂತ್ರದಲ್ಲಿ ಏನಾದರೂ ಬದಲಾದರೆ ಸಂಸ್ಥೆ ಹೊಸ ಹಾಳೆ ಕಳುಹಿಸುವುದು, ಇಲ್ಲಿಯವರು ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದು. ಒರೆಸಿ ಬರೆಯುವ ಕಡತಕ್ಕೂ ಹಾಳೆ ಬದಲಿಸುವ ಈ ಕೈಪಿಡಿಗೂ ಇರುವ ನಂಟು ನನಗೆ ಕೌತುಕವೆನಿಸುತ್ತದೆ. ಎರಡೂ ಮುಗಿದ ಗ್ರಂಥಗಳಲ್ಲ, ನಡೆಯುತ್ತಿರುವ ಕೆಲಸದ ಜೊತೆಗಾರರು.

1973ರ ವಿದೇಶೀ ವಿನಿಮಯ ಕಾಯಿದೆಯಂತೆ ಹೊರನಾಡಿನ ಸಂಸ್ಥೆಗಳು ತಮ್ಮ ಒಡೆತನದ ಪಾಲನ್ನು ತಗ್ಗಿಸಬೇಕಾಯಿತು. ಐಬಿಎಂ ಒಪ್ಪದೆ 1978ರಲ್ಲಿ ಭಾರತವನ್ನು ಬಿಟ್ಟಿತು. ಯಂತ್ರಗಳು ಇಲ್ಲಿಯೇ ಉಳಿದವು; ಬ್ಯಾಂಕು, ರೈಲ್ವೆ, ವಿದ್ಯಾಸಂಸ್ಥೆಗಳ ಲೆಕ್ಕವೆಲ್ಲ ಅವುಗಳ ಮೇಲೆ ನಡೆಯುತ್ತಿತ್ತು. ಅವನ್ನು ನೋಡಿಕೊಳ್ಳುವ ಹೊಣೆ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ, 1975ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆಯ ಮೇಲೆ ಬಿತ್ತು. ಮಾಡಿದವನು ಎದ್ದುಹೋದ ಮೇಲೆ ಯಂತ್ರವನ್ನು ನಡೆಸಬೇಕಾದವರಿಗೆ ಎರಡೇ ಆಸರೆ: ಅದರಲ್ಲಿ ಪಳಗಿದ ಕೈಗಳು, ಮತ್ತು ಅವನು ಬರೆದಿಟ್ಟ ಹೊತ್ತಿಗೆ. ಅಂದು ಕೈಪಿಡಿ ಬರಿಯ ಕಾಗದವಾಗಿರಲಿಲ್ಲ. ಪರರ ಹಂಗಿಲ್ಲದೆ ಯಂತ್ರವನ್ನು ಆಳುವ ಅಧಿಕಾರವಾಗಿತ್ತು. ಮುಂದೆ ಆ ಸಂಸ್ಥೆ 2001ರಲ್ಲಿ ಟಾಟಾ ಬಳಗದ ಕೈಸೇರಿ, 2015ರಲ್ಲಿ ಟಿಸಿಎಸ್‌ನಲ್ಲಿ ವಿಲೀನವಾಯಿತು.

ನಮ್ಮ ಐದು ಊರುಗಳಿಗೆ ಗಣಕಯಂತ್ರ ಮೊದಲು ಬಂದದ್ದು ಇಂಥ ದೊಡ್ಡ ಯಂತ್ರವಾಗಿ ಅಲ್ಲ, ಮೇಜಿನ ಮೇಲಿಡುವ ಸಣ್ಣ ಯಂತ್ರವಾಗಿ. ಸಾಮಾನ್ಯ ರೈತನಿಗೆ ಅದರ ಅರಿವಾದದ್ದು 'ಭೂಮಿ' ಯೋಜನೆಯಿಂದ. 2000ದಲ್ಲಿ ಆರಂಭವಾದ ಈ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿ ದಾಖಲೆಗಳು ಯಂತ್ರಕ್ಕೇರಿದವು. ಕೂಡ್ಲಿಗಿಯ, ಹಡಗಲಿಯ ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿಯನ್ನು ಪಡೆದನು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಕರಣಿಕನ ಕಡತದಿಂದ ಗಣಕದ ಕಡತಕ್ಕೆ ಎರಡು ಶತಮಾನಗಳ ದಾರಿ.

ಈ ದಾರಿಯಲ್ಲಿ ಕನ್ನಡ ಅಕ್ಷರಗಳು ಪಟ್ಟ ಪಾಡನ್ನು ಹೇಳದೆ ಕೈಪಿಡಿಯ ಬೆಲೆ ತಿಳಿಯದು. ಯಂತ್ರದೊಳಗೆ ಅಕ್ಷರವಿಲ್ಲ, ಸಂಖ್ಯೆಯಿದೆ. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದು ಮಾಡಿಕೊಂಡ ಒಪ್ಪಂದ. ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಅದೇ ವರ್ಷ ಭಾರತೀಯ ಭಾಷೆಗಳಿಗಾಗಿ ಇಸ್ಕಿ ಎಂಬ ಮಾನಕವೂ ಹೊರಬಂದಿತು. ಆದರೆ ನಿತ್ಯದ ಬಳಕೆಗೆ ಅವು ಇಳಿಯುವ ಮುಂಚೆ ಒಬ್ಬೊಬ್ಬ ತಯಾರಕನೂ ತನ್ನದೇ ಸಂಕೇತ ಕಟ್ಟಿಕೊಂಡಿದ್ದನು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು ಅಂದಿನ ಉಪಾಯ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು, ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಇವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಒಂದು ಕಡತವನ್ನು ತಕ್ಕ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಎಂಬ ಮಾತಿನ ಬದಲು ಒಂದು ರೋಮನ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಇಂಗ್ಲೆಂಡಿನ ಪೌಂಡಿನ ಗುರುತು ಮುಂತಾದುವು ಸಾಲಾಗಿ ನಿಲ್ಲುತ್ತವೆ! ಹೆಚ್ಚು ಬಳಕೆಯಾದ ಸಂಕೇತಗಳನ್ನು ತಿರುಗಿಸುವ ಸಾಧನಗಳು ಇವೆ. ಬಳಕೆ ತಪ್ಪಿದ ಸಣ್ಣ ತಯಾರಕರ ಸಂಕೇತಗಳಿಗೆ ಮೂಲ ಕೈಪಿಡಿಯ ಕೋಷ್ಟಕವೇ ನೇರವಾದ ಬೀಗದಕೈ.

ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಅಕ್ಷರಗಳ ಗುಟ್ಟು ಬಿಡಿಸಿದನು. ಆಮೇಲೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಗಳಲ್ಲಿ ಅಶೋಕನ ಶಾಸನಗಳು ದೊರೆತಾಗ ಅವನ್ನು ಓದುವುದಕ್ಕೆ ವಿದ್ವಾಂಸರು ಹೊಸದಾಗಿ ತಡಕಾಡಬೇಕಾಗಲಿಲ್ಲ. ಅಕ್ಷರಗಳ ಕೋಷ್ಟಕ ಕೈಯಲ್ಲಿತ್ತು. ಇಪ್ಪತ್ತೆರಡು ಶತಮಾನ ಹಳೆಯ ಬಂಡೆ ನಮ್ಮೊಡನೆ ಮಾತಾಡುತ್ತದೆ. ಮೂವತ್ತು ವರ್ಷ ಹಿಂದಿನ ಕನ್ನಡ ಪತ್ರ ಮಾತಾಡದೆ ಕೂತರೆ ಅದು ಸೋಜಿಗ ಮಾತ್ರವಲ್ಲ, ನಾಚಿಕೆಯೂ ಹೌದು.

ಹೊರನಾಡುಗಳಲ್ಲಿ ಈ ಎಚ್ಚರ ಮೂಡಿದೆ. ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಬ್ಯಾಬೇಜನ ಹೆಸರಿನ ಸಂಸ್ಥೆಯೊಂದು ಗಣಕದ ಇತಿಹಾಸದ ಕಾಗದಪತ್ರಗಳನ್ನು ಕಾಪಾಡುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಗಣಕಗಳದೇ ಒಂದು ದೊಡ್ಡ ಸಂಗ್ರಹಾಲಯವಿದೆ. 2015ರಲ್ಲಿ ಮೇರಿಲ್ಯಾಂಡ್ ಪ್ರಾಂತದಲ್ಲಿ ಹಳೆಯ ಎಲೆಕ್ಟ್ರಾನಿಕ್ ಉಪಕರಣಗಳ ಕೈಪಿಡಿಗಳನ್ನು ಮಾರುತ್ತಿದ್ದ ಮಳಿಗೆಯೊಂದು ಮುಚ್ಚುವ ಹೊತ್ತು ಬಂದಿತು. ಒಳಗಿದ್ದ ಕೈಪಿಡಿಗಳು ಇಪ್ಪತ್ತೈದು ಸಾವಿರಕ್ಕೂ ಹೆಚ್ಚೆಂದು ಅಂದಾಜು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಜೇಸನ್ ಸ್ಕಾಟ್ ಕರೆಕೊಟ್ಟದ್ದೇ ತಡ, ಪರಿಚಯವೇ ಇಲ್ಲದ ಜನ ಸೇರಿ ಕೆಲವೇ ದಿನಗಳಲ್ಲಿ ಒಂದೊಂದು ಪ್ರತಿಯನ್ನು ಆರಿಸಿ ಪೆಟ್ಟಿಗೆಗಳಿಗೆ ತುಂಬಿ ಸಾಗಿಸಿದರು. ಕಸುಬಿನ ಹೊತ್ತಿಗೆಗೂ ಶಾಸ್ತ್ರದಾನದ ಪುಣ್ಯವುಂಟೆಂದು ಅವರು ಬಗೆದಂತಾಯಿತು.

ಇದನ್ನೆಲ್ಲ ತಿಳಿದ ಮೇಲೆ ಆ ಮೂರು ಚೀಲಗಳನ್ನು ನಾನು ಬೇರೆಯ ಕಣ್ಣಿನಿಂದ ನೋಡಿದೆ. ಅಮೆರಿಕದಲ್ಲಿ ಅಚ್ಚಾದ ಡಿಬೇಸಿನ ಕೈಪಿಡಿ ಅಪರೂಪದ್ದೇನೂ ಅಲ್ಲ. ಅದು ಲೋಕದಲ್ಲೆಲ್ಲ ಹರಡಿದ ಪುಸ್ತಕ, ಒಂದು ಹೋದರೆ ಇನ್ನೊಂದುಂಟು. ಅಪರೂಪವಾದದ್ದು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡ. 'ಇಲ್ಲಿ ಮೊದಲು ಸರ್ವೆ ನಂಬರು, ಆಮೇಲೆ ಹಿಸ್ಸೆ' ಎಂದು ಯಾರೋ ಗುರುತು ಹಾಕಿದ್ದಾರೆ. ಇನ್ನೊಂದು ಕಡೆ 'ತಂದೆಯ ಹೆಸರಿಗೆ ಇಷ್ಟು ಮನೆ ಸಾಲದು' ಎಂದಿದೆ. ಯಂತ್ರ ಕೊಟ್ಟ ಅಕ್ಷರಗಳ ಮನೆ ಹತ್ತೋ ಹದಿನೈದೋ. ನಮ್ಮ ಕಡೆಯ ಹೆಸರುಗಳು ಅದರೊಳಗೆ ಹಿಡಿಯವು. ಹೊರಗಿನಿಂದ ಬಂದ ಯಂತ್ರಕ್ಕೆ ನಮ್ಮ ಊರನ್ನು ಅರ್ಥಮಾಡಿಸಲು ಹೆಣಗಿದ ಒಬ್ಬ ಗುಮಾಸ್ತನ, ಒಬ್ಬ ಮೇಷ್ಟರ ಕೈಬರಹ ಅದು. ಪ್ರಪಂಚದ ಯಾವ ಸಂಗ್ರಹಾಲಯದಲ್ಲಿಯೂ ಅದರ ಇನ್ನೊಂದು ಪ್ರತಿ ಇಲ್ಲ. ಕರಣಿಕನ ಕಡತದಂತೆ ಅದೂ ಒಂಟಿ.

ಆದ್ದರಿಂದ ಎಲ್ಲವನ್ನೂ ಇಟ್ಟುಕೊಳ್ಳಬೇಕೆಂಬ ಹಟ ನನ್ನದಲ್ಲ. ನಮ್ಮ ತಾಲ್ಲೂಕುಗಳ ಕಾಗದಪತ್ರಗಳು ಈಗಾಗಲೇ ಬಹಳ ಅಲೆದಿವೆ. 1953ರವರೆಗೆ ಮದರಾಸಿಗೆ ಸೇರಿದ್ದೆವು. ಆಗ ಮೈಸೂರಿಗೆ ಬಂದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರ ತೀರ್ಮಾನದಂತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರ ಜಿಲ್ಲೆಯಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಒಂದೊಂದು ಸಲ ಗಡಿ ಬದಲಾದಾಗಲೂ ಬೀರುಗಳು ಲಾರಿ ಹತ್ತುತ್ತವೆ. ಲಾರಿಯಲ್ಲಿ ಮೊದಲು ಬಿಟ್ಟುಹೋಗುವುದು 'ಇದೇನು ದಾಖಲೆಯಲ್ಲ, ಬರಿಯ ಪುಸ್ತಕ' ಎನಿಸಿಕೊಂಡ ಕೈಪಿಡಿ. ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟು ಎತ್ತರದ ನೆಲಕ್ಕೆ ಹೋದ ಹಗರಿಬೊಮ್ಮನಹಳ್ಳಿ ಕಡೆಯ ಹಿರಿಯರು ಗಾಡಿಗೆ ಏನನ್ನು ಏರಿಸಬೇಕು, ಏನನ್ನು ಬಿಡಬೇಕು ಎಂದು ಆರಿಸಿದವರೇ. ಆರಿಸುವ ವಿವೇಕ ನಮಗೆ ಹೊಸದಲ್ಲ.

ಆರಿಸುವ ಕ್ರಮ ಸುಲಭ. ಲೋಕಪ್ರಸಿದ್ಧವಾದ ಅಚ್ಚಿನ ಕೈಪಿಡಿಗಳಲ್ಲಿ ಒಂದೊಂದು ಪ್ರತಿ ಸಾಕು. ಕನ್ನಡದ ಅಕ್ಷರಸಂಕೇತ, ಕೀಲಿಮಣೆಯ ಹಾಳೆ, ನಮ್ಮ ಕಚೇರಿಗಳಿಗಾಗಿ ಬರೆದ ಪಾಠ, ಅಂಚಿನ ಬರಹವುಳ್ಳ ಪುಸ್ತಕ ಇವುಗಳನ್ನು ಬಿಡಬಾರದು. ಹಾಳೆಹಾಳೆಯ ಚಿತ್ರ ತೆಗೆದು ಮೂರು ಕಡೆ ಇಡಬೇಕು. ಅತ್ತಿಮಬ್ಬೆ ಹೇಳಿಕೊಟ್ಟ ಪಾಠವೇ ಅದು. ಎಲ್ಲಕ್ಕಿಂತ ಮೊದಲು ಒಂದು ಪಟ್ಟಿ ಬೇಕು. ಯಾವ ಪುಸ್ತಕ, ಯಾವ ಯಂತ್ರದ್ದು, ಯಾವ ಊರಿನಲ್ಲಿ ಬಳಕೆಯಾದದ್ದು ಎಂಬ ಮೂರು ಸಾಲು ಸಾಕು. ಪಟ್ಟಿಯಿಲ್ಲದ ಪುಸ್ತಕ ಬೀರುವಿನಲ್ಲಿದ್ದರೂ ಬೀದಿಯಲ್ಲಿದ್ದಂತೆಯೇ.

ನನ್ನಲ್ಲಿರುವ ಚೀಲಗಳ ಪಟ್ಟಿ ನಾಲ್ಕು ಹಾಳೆಯಾಗಿದೆ. ಅಂಚಿನ ಬರಹವಿರುವ ಹನ್ನೊಂದು ಪುಸ್ತಕಗಳನ್ನು ಬೇರೆಯಾಗಿ ಕಟ್ಟಿ, ಬೇವಿನ ಎಲೆ ಇಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದೇನೆ. ಟೈಪಿಂಗ್ ಶಾಲೆಯಲ್ಲಿ ಕಲಿತ ಒಬ್ಬ ಹುಡುಗಿ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತನ್ನ ವಿದ್ಯಾರ್ಥಿಗಳೊಂದಿಗೆ ಕುಳಿತು ಆ ಕೀಲಿಮಣೆಯ ಹಾಳೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವೆನೆಂದು ಒಪ್ಪಿಕೊಂಡಿದ್ದಾಳೆ. ನಿಮ್ಮ ಮನೆಯ ಅಟ್ಟದ ಮೇಲೆಯೂ, ನಿಮ್ಮ ಕಚೇರಿಯ ಮೆಟ್ಟಿಲಿನ ಕೆಳಗೂ ಇಂಥವು ಇರಬಹುದು. ರದ್ದಿಯವನನ್ನು ಕರೆಯುವ ಮುನ್ನ ಒಂದು ಸಲ ಅಂಚುಗಳನ್ನು ತಿರುವಿ ನೋಡಿ.